ನೊಣನುಂಗ

ಮಿರಾಂದಾ ದಾಟಿದ ಮೇಲೆ ಮಾತಿಲ್ಲ.
ತಿರುವು ತಪ್ಪಿದ್ದು ನಾನು, ಹೇಳದೆ ಇದ್ದದ್ದು ಅವಳು,
ಅಥವಾ ಅವಳು ಹೇಳಿದ್ದಳು, ನಾನೇ ಕೇಳಿಸಿಕೊಳ್ಳಲಿಲ್ಲ;
ಅದೀಗ ಮರೆತಿದೆ, ಕೋಪ ಮಾತ್ರ ನೆನಪಿದೆ.
ಪಾನ್ಕೊರ್ಬೊದ ಬಂಡೆಸಂದಿಯಲ್ಲಿ ಲಾರಿಯ ಹಿಂದೆ ಲಾರಿ.
ಹಿಂದಿನ ಸೀಟು ಮಡಚಿ, ಕಂಬಳಿ ಸುತ್ತಿ ಮಲಗಿಸಿದ್ದ
ನಿಲುವುಗನ್ನಡಿ (ವಯ್ಯದೊಲಿದ್‌ನಲ್ಲಿ ನಾದಿನಿಯ ಹೊಸ ಮನೆಗೆ)
ಗುಂಡಿ ಸಿಕ್ಕಾಗಲೆಲ್ಲ ಗೊಣಗುತ್ತಿತ್ತು.
ಕಾರಿನಲ್ಲಿ ಬಾಯಿದ್ದದ್ದು ಅದಕ್ಕೊಂದಕ್ಕೇ.

ಎದುರ್ನೆ ಅಂದರೆ ನಮ್ಮ ಬಾಸ್ಕ್ ನುಡಿಯಲ್ಲಿ ಹಿಮ.
ಹೆಸರಿಟ್ಟ ಅವಳಜ್ಜಿಗೆ ಮುಂಚೆಯೇ ಗೊತ್ತಿತ್ತು.

ಬುರ್ಗೋಸ್‌ನಲ್ಲಿ ನಿಲ್ಲಿಸಿದ್ದು ದೇವರಿಗಲ್ಲ, ಮೂತ್ರಕ್ಕೆ.
ಕೋಟು ತೆಗೆಯಲು ಡಿಕ್ಕಿ ಎತ್ತಿದರೆ
ಕಂಬಳಿ ಜಾರಿದ ಕಡೆ, ಗಾಜಿನೊಳಗೆ,
ಎರಡು ಗೋಪುರ ತಲೆಕೆಳಗು:
ಕಸೂತಿ ಹಾಕಿದ ಕಲ್ಲು, ತೂತು ತೂತಿನಲ್ಲೂ ಆಕಾಶ.
‘ನೋಡು’ ಅನ್ನಬೇಕೆಂದೆ. ಅನ್ನಲಿಲ್ಲ.

ಹೊಳೆಯ ದಂಡೆಗೆ ಪ್ಲೇನ್ ಮರಗಳ ಸಾಲು.
ಎಳೆಯವಿದ್ದಾಗಲೇ ಕೊಂಬೆಗೆ ಕೊಂಬೆ ಕಟ್ಟಿ ಕಸಿ ಮಾಡಿದ್ದಾರೆ;
ಇದರ ತೋಳು ಎಲ್ಲಿ ಮುಗಿದು ಅದರದು ಎಲ್ಲಿ ಶುರು,
ಗರಗಸವನ್ನೇ ಕೇಳಬೇಕು.
ಅವುಗಳಡಿಯಲ್ಲಿ ನಾವು
ಹಾದಿಯ ಒಂದೊಂದು ಮಗ್ಗುಲಿಗೆ.

ಒಳಗೆ ಅವಳು ಕಿವಿಗೆ ಯಂತ್ರ ಒತ್ತಿಕೊಂಡು
ಯಾವನದೋ ದನಿಗೆ ಹೂಂ ಹೂಂ ಎಂದು ತಲೆಯಾಡಿಸುತ್ತಾ ಹೋದಳು.
(ನನಗೆ ಹಾಗೆ ತಲೆಯಾಡಿಸಿ ವರ್ಷವಾಯಿತು.)
ನಕ್ಷತ್ರದಾಕಾರದ ಗವಾಕ್ಷಿಯಿಂದ ಬೆಳಕು
ಜರಡಿ ಹಿಡಿದ ಹಿಟ್ಟಿನಂತೆ ಇಳಿಯುತ್ತಿತ್ತು
ಕೆಂಪು ಚಪ್ಪಡಿಯ ಮೇಲೆ. ಅದರಡಿ
ಊರೂರು ಕಾದಾಡಿದ ಗಂಡ, ಪಕ್ಕದಲ್ಲೇ ಹೆಂಡತಿ.
ಮಲಗಿದ ಮೇಲೆ ಎಲ್ಲರೂ ಒಳ್ಳೆಯವರೇ.

ಹನ್ನೆರಡಕ್ಕೆ ಐದು ನಿಮಿಷ. ಪಡುವಣ ಬಾಗಿಲ ಬಳಿ ಗುಂಪು,
ಎಲ್ಲರ ಕತ್ತೂ ಮೇಲೆ: ಗೋಡೆಯೆತ್ತರದಲ್ಲಿ ಗಡಿಯಾರ,
ಅದರ ಮೇಲೆ ಕೆಂಪಂಗಿಯ ಬೊಂಬೆ, ನೊಣನುಂಗ.
ಪಕ್ಕದಲ್ಲೊಬ್ಬಳು ಮುದುಕಿ, ಚೀಲದಲ್ಲಿ ಈರುಳ್ಳಿದಂಟು,
ಹೆಸರು ವಿಸಿತಾಸಿಯೋನ್, ಕೇಳದೆಯೇ ಹೇಳಿದಳು;
ಸಂತೆಯಿಂದ ಬರುವಾಗ ಇವನನ್ನು ನೋಡಿಯೇ ಮನೆಗೆ ಹೋಗುವುದಂತೆ.
‘ಸ್ವಲ್ಪ ಆಚೆ ಸರಿಯಪ್ಪಾ, ನಿನ್ನ ಹೆಂಡತಿಗೆ ಕಾಣಲಿ.’

ಯಾರು ಹೇಳಿದರು ಇವಳಿಗೆ,
ಇವಳು ನನ್ನವಳೆಂದು?

ಸರಿದೆ.

ಗಂಟೆ ಹೊಡೆಯಿತು. ಬೊಂಬೆ ಬಾಯಿಬಿಟ್ಟ, ಮುಚ್ಚಿದ,
ಬಿಟ್ಟ, ಮುಚ್ಚಿದ. ಹನ್ನೆರಡು ಸಲ.
ಬಾಯಿಬಿಟ್ಟರೆ ಬಣ್ಣಗೇಡೆಂದು ಹೆದರಿದವನಲ್ಲ,
ಆದರೂ ಒಂದು ಮಾತಿಲ್ಲ, ಒಂದು ನೊಣವೂ ಇಲ್ಲ.
ಕೆಳಗೆ ಜರ್ಮನರು, ಶಾಲೆಯ ಮಕ್ಕಳು, ಒಬ್ಬ ಪಾದ್ರಿ,
ಎಲ್ಲರೂ ಅವನಂತೆಯೇ ಬಾ ಎಂದು ಬಾಯಿ ತೆರೆದು.
ಎದುರ್ನೆಯೂ. ದವಡೆಹಲ್ಲಿನ ಬೆಳ್ಳಿ ಹೊಳೆಯಿತು,
ಅದನ್ನು ತುಂಬಿಸಿದ ದಿನ ನನ್ನ ಕೈಬೆರಳು ನೋಯುವಂತೆ ಹಿಡಿದಿದ್ದಳು.

‘ನೊಣ ಹೊಕ್ಕೀತು’ ಅಂದೆ.
‘ಮೊದಲು ನಿನ್ನದು ಮುಚ್ಚು’ ಅಂದಳು.

ಹೊರಗೆ ಬಿಸಿಲು ಇತ್ತು, ಶಾಖ ಇರಲಿಲ್ಲ.
ಅಕ್ಕಿ ತುಂಬಿದ ಕರಿ ಮೊರ್ಸಿಯ, ಒಂದೇ ತಟ್ಟೆ;
ಕೊನೆಯ ತುಂಡು ಇಬ್ಬರೂ ಮುಟ್ಟದೆ ಆರಿತು.
ಪೆಟ್ರೋಲ್ ಬಂಕಿನ ಬಳಿ ಜಗಳ ಮತ್ತೆ ಹತ್ತಿಕೊಂಡಿತು,
ಈ ಸಲ ಜೋರಾಗಿ, ಬಾಯಿತುಂಬ,
ಅವಳತ್ತೆಯಿಂದ ನನ್ನತ್ತೆಯವರೆಗೆ.

ಹಿಂದೆ ಕನ್ನಡಿ
ವಯ್ಯದೊಲಿದ್‌ವರೆಗೂ ತುಟಿ ಪಿಟಿಕ್ಕೆನ್ನಲಿಲ್ಲ.