ತಲೆಹೊರೆ

ಮಾನ್ರೋವಿಯಾದ ಬಡಗಿ ಟೋಕ್ಪಾ
ಕಿವಿಯ ಸಂದಿಯಿಂದ ಸೀಸಕಡ್ಡಿ ತೆಗೆದು ಕೇಳಿದ:
ಮೇಜಿಗೆ ಮೂರು ಕಾಲು,
ಒಂದೊಂದೂ ಎರಡೂಮುಕ್ಕಾಲು ಅಡಿ.
ಎಂಟಡಿ ತೊಲೆ ಸಾಕೇನೇ, ಗರ್ಮಾಯ್?

ಎರಡು ಮೂರಲಿ ಆರು ಎಂದೆ,
ಮುಕ್ಕಾಲನ್ನು ಹಾಗೇ ಬಾಲಕ್ಕೆ ಅಂಟಿಸಿದೆ.
ಆರೂಮುಕ್ಕಾಲು! ಸಾಕು, ಮಿಗುತ್ತದೆ ಕೂಡ.
ಕೊಯ್ದೆ.
ಮೂರನೆಯ ಕಾಲು ಮೂರಿಂಚು ಗಿಡ್ಡ.

ಅವನು ಬೈಯಲಿಲ್ಲ.
ಮೊದಲು ಇಡಿಯದನ್ನು ಒಡಿ, ಎಂದ.
ಎರಡನ್ನು ಕಾಲುಕಾಲಾಗಿ ಒಡೆದರೆ ಎಂಟು,
ಜೊತೆಗಿದ್ದ ಮೂರೂ ಸೇರಿ ಹನ್ನೊಂದು.
ಗೀಟಿನ ಮೇಲೆ ಹನ್ನೊಂದು, ಕೆಳಗೆ ನಾಲ್ಕು.

ಇದನ್ನೇ ಶಾಲೆಯಲ್ಲಿ ವಿಷಮ ಅಂದಿದ್ದರು,
ಮೇಲಿನದು ಕೆಳಗಿನದನ್ನು ಮೀರಿದ್ದೇ ತಪ್ಪೆಂಬಂತೆ.
ಅದೇ ವರ್ಷ ಫೀಸು ಕಟ್ಟಲಾಗದೆ ಬಿಟ್ಟೆ.

ಆಗ ಅಂಗಡಿಯ ಮುಂದೆ ಅಮ್ಮ ಹಾದಳು.
ತಲೆಯ ಮೇಲೆ ಅಗಲ ಬೋಗುಣಿ, ಗೆಣಸಿನ ಸೊಪ್ಪು,
ಒಣಮೀನು, ಅದರ ಮೇಲೆ ಯಾರದೋ ಮುರಿದ ಕೊಡೆ.
ಕೆಳಗೆ ಅವಳು, ಐದಡಿಗೆ ಒಂದು ಗೇಣು ಕಮ್ಮಿ.
ಕತ್ತು ನೆಟ್ಟಗೆ. ಕೈಬೀಸಿ ನಡಿಗೆ.
ಎಲ್ಲಿದೆ ವಿಷಮ?
ಇಷ್ಟು ಇಡಿ, ಇಷ್ಟು ಚೂರು ಎಂದು ವಿಂಗಡಿಸುವುದು
ಮನೆ ಮುಟ್ಟಿ ಇಳಿಸಿಕೊಂಡ ಮೇಲೆ;
ದಾರಿಯುದ್ದಕ್ಕೂ ಅದೊಂದೇ ಹೊರೆ.

ಹನ್ನೊಂದು ಮೂರಲಿ ಮೂವತ್ತಮೂರು,
ಎಲ್ಲ ಕಾಲುಗಳೇ.
ಈಗ ಇಳಿಸಿದೆ:
ನಾಲ್ಕಕ್ಕೊಂದರಂತೆ ಎಂಟು ಇಡಿ, ಉಳಿದದ್ದು ಒಂದು ಕಾಲು.
ಎಂಟೂಕಾಲು ಅಡಿ, ಎಂದೆ.

ಟೋಕ್ಪಾ ತಲೆದೂಗಿ
ಗಿಡ್ಡಗಾಲನ್ನು ಬಾಗಿಲಿಗೆ ಒತ್ತುಕೊಟ್ಟ.
ಗರಗಸ ತಿಂದ ಹುಡಿ ನನ್ನ ಪಾದದ ಮೇಲಿತ್ತು.
ಅದು ಯಾವ ಛೇದಕ್ಕೆ ಸೇರಿದ್ದೆಂದು
ಅವನೂ ಹೇಳಲಿಲ್ಲ.