ಆರು ಖಾನೆಯ ಚೀಟಿ

ಚೀಟಿಯಲ್ಲಿ ಆರೇ ಖಾನೆ.
ಐದು ತುಂಬಿಸಿ ಪೆನ್ನು ನಿಲ್ಲಿಸಿದೆ.
ಹದಿನಾಲ್ಕು ವರ್ಷ ಆ ಆರನೆಯದಕ್ಕೆ ಯೋಚಿಸಿದವನಲ್ಲ,
ಕೈ ತಾನಾಗಿ ನಾಲ್ಕು ಅಂತ ಬರೆಯುತ್ತಿತ್ತು
ಕತ್ತಲಲ್ಲೂ ಮನೆಯ ಚಿಲಕ ಕೈಗೆ ಸಿಗುವ ಹಾಗೆ.

ನಾಲ್ಕು ಅಂದರೆ ಮುಕ್ತಿಯಾರ್,
ಅರಸೀಕೆರೆ ರೈಲ್ವೆ ಕಾಲೋನಿ ವಾಲಿಬಾಲ್ ತಂಡದ ಲಿಫ್ಟರ್.
ಚೆಂಡು ಅವನ ಹತ್ತು ಬೆರಳಿಗೆ ಬಂದು ಹೋದರೆ
ಸದ್ದೇ ಇರುತ್ತಿರಲಿಲ್ಲ.
ರೆಫ್ರಿಗಳು ಕಿವಿಗೊಟ್ಟು ಕೇಳಿ
ಕಚ್ಚಿದ ಸೀಟಿ ಬಿಟ್ಟುಬಿಡುತ್ತಿದ್ದರು.

ನಾನು ಕೊಬ್ಬರಿ ಮಂಡಿಯಲ್ಲಿ ತೂಕದವನು.
ಮುಳ್ಳು ನಿಂತಲ್ಲಿ ಕೂಗುವುದು ಕಸುಬು;
ತಟ್ಟೆಗೆ ಬೆರಳು ತಾಗಿದರೆ ಊರೇ ನೋಡುತ್ತದೆ.
ಆದರೂ ಈ ಸಲ ತಾಗಿಸಿದೆ, ಸುಳ್ಳೇಕೆ?
ಹಾಸನದವರಿಗೆ ಸೋತಾಗ ಗಾಳಿ ಅಂದೆ,
ಚನ್ನರಾಯಪಟ್ಟಣದಲ್ಲಿ ಲೈಟು ಕಣ್ಣಿಗೆ ಹೊಡೆಯಿತು ಅಂದೆ,
ಬೇಲೂರಲ್ಲಿ ಏನಂದೆನೋ ನೆನಪಿಲ್ಲ.

ಮುಳ್ಳು ನಿಜ ಹೇಳಿದ್ದು ಇನ್ನೊಂದು ಮಂಡಿಯಲ್ಲಿ,
ಪರಮೇಶಿಯ ಬಲಗಾಲಿನದು.
ಐಸ್ ಕಟ್ಟುತ್ತಾ ಕೇಳಿದೆ, ಯಾಕೋ ಇಷ್ಟು ಊದಿದೆ?
"ಚೆಂಡು ಒಂದು ಗೇಣು ಕೆಳಗೇ ಬರ್ತದಣ್ಣ.
ತಡವಾಗಿ ಹಾರಿ, ಬಗ್ಗಿ ಹೊಡೀಬೇಕು."
ಯಾವಾಗಿಂದ?
"ದೀಪಾವಳಿಯಿಂದ. ಎಲ್ರೂ ಹಂಗೇ ಹಾರ್ತಾವ್ರೆ."

ಒಬ್ಬರಿಗೊಬ್ಬರು ಹೇಳಿಕೊಳ್ಳದೆ
ಒಬ್ಬನ ಬೆರಳ ಗೆಣ್ಣಿನ ಮಾನಕ್ಕಾಗಿ
ಹುಡುಗರೆಲ್ಲ ತಮ್ಮ ಎತ್ತರ ಇಳಿಸಿಕೊಂಡಿದ್ದರು.
ನಾನು ಗಾಳಿಯ ಲೆಕ್ಕ ಹಾಕುತ್ತಿದ್ದೆ.

ಲೀಗಿನಲ್ಲಿ ಉಳಿದದ್ದು ಮೂರು ಪಂದ್ಯ.
ಎರಡು ಗೆದ್ದರೆ ಸೆಮಿಫೈನಲ್,
ಒಂದೇ ಗೆದ್ದರೆ ಬೇರೆಯವರ ಸೋಲಿಗೆ ಹರಕೆ.
ಹನ್ನೊಂದನೇ ನಂಬರು ತೀರ್ಥೇಶ,
ಬಾಣಾವರದಿಂದ ಪ್ಯಾಸೆಂಜರ್ ಹತ್ತಿ ಬರುವ ಐಟಿಐ ಹುಡುಗ,
ನೀರಿನ ಕ್ಯಾನು ಹೊತ್ತಿದ್ದಾನೆ, ನೆಟ್ಟು ಬಿಗಿದಿದ್ದಾನೆ,
ಆಡಿದ್ದು ಒಟ್ಟು ಏಳು ಪಾಯಿಂಟು.
ಕೈ ಉದ್ದ, ಮಾತು ಗಿಡ್ಡ.

ಸುದ್ದಿ ಹೇಗೋ ಸೋರಿತು.
ಸಂಘದ ಖಜಾಂಚಿ ಮಂಡಿಗೇ ಬಂದು ಕೂಗಾಡಿದ:
"ದಡ ಮುಟ್ಟಿಸ್ತಿದ್ದೋನ್ನ ನಡುನೀರಲ್ಲಿ ಕೈಬಿಡ್ತೀಯೇನಯ್ಯಾ?
ಕುಂಟೆತ್ತಾದ್ರೂ ದಾರಿ ಬಲ್ಲದು!"
ನಾನು ಮೂಟೆ ಎತ್ತಿಸಿದೆ. ಐವತ್ತೊಂದು ಕಿಲೋ, ಇನ್ನೂರು ಗ್ರಾಂ.

ಈಗ ಹೊಳೆನರಸೀಪುರದವರು ಆಗಲೇ ನೆಟ್ಟಿನ ಆಚೆ.
ಮುಕ್ತಿಯಾರ್ ಎದುರಿಗೇ ಕೂತು
ಬೆರಳಿಗೆ ಟೇಪು ಸುತ್ತುತ್ತಿದ್ದಾನೆ,
ಹಲ್ಲಲ್ಲಿ ಕಡಿದು, ಒಂದೊಂದನ್ನೂ ಮಡಚಿ ನೋಡುತ್ತಾ.
ಬರೆದೆ. ಹನ್ನೊಂದು.
ಎರಡು ಗೀಟು, ಅಷ್ಟೆ. ನಾಲ್ಕಕ್ಕಿಂತ ಸುಲಭ.

ಮೂರು ದಿನದಿಂದ ಕಟ್ಟಿಟ್ಟಿದ್ದ ಮಾತು
ಗಂಟಲಲ್ಲಿ ಕೊಬ್ಬರಿ ಚೂರಾಗಿ ನಿಂತಿತು.
ಅವನು ಚೀಟಿ ನೋಡಲಿಲ್ಲ, ನನ್ನ ಮುಖ ನೋಡಿದ.
ಸುತ್ತುವುದು ನಿಲ್ಲಿಸಿದ. ಆರು ಬೆರಳಾಗಿತ್ತು.
"ಬೇಗ ಕೊಡಣ್ಣ, ರೆಫ್ರಿ ಕಾಯ್ತಾವ್ರೆ."

ಹುಡುಗನ ಮೊದಲ ಚೆಂಡು ಡಬಲ್ ಟಚ್.
ಎರಡನೆಯದು ಆಂಟೆನಾ ದಾಟಿ ಪ್ರೇಕ್ಷಕರ ಚುರುಮುರಿಗೆ ಬಿತ್ತು.
ಮೂರನೆಯದು ಎದ್ದಿತು ನೋಡಿ,
ನೆಟ್ಟಿನ ಮೇಲೆ, ಲೈಟಿನ ಹುಳುಗಳ ನಡುವೆ,
ಇಗೋ ತಗೋ ಅನ್ನುವಂತೆ ಒಂದು ಗಳಿಗೆ ನಿಂತಿತು.
ಪರಮೇಶಿ ಇನ್ನೂ ನೆಲದಲ್ಲೇ ಇದ್ದ.
ಅವನು ಹಾರುವಷ್ಟರಲ್ಲಿ ಚೆಂಡು ಅವನ ಮುಂದೆಯೇ ಇಳಿದು
ಮಣ್ಣಲ್ಲಿ ಧೊಪ್ಪೆಂದಿತು.
ಜನ ನಕ್ಕರು, ಹುಡುಗ ತಲೆ ತಗ್ಗಿಸಿದ.
ಚೆಂಡು ಸರಿಯಿತ್ತು. ಹಾರಿದ್ದು ತಪ್ಪು.

ಬೆಂಚಿನಿಂದ ಎದ್ದು ಕೂಗಿದವನು ನಾನಲ್ಲ:
"ಮೊದ್ಲೇ ಎದ್ದೇಳೋ ಪರಮೇಶಿ!
ಅವನು ನಾನಲ್ಲ ಕಣೋ, ಅವನು ನಾನಲ್ಲ!"

ಐದನೇ ಸೆಟ್ಟು, ಹದಿಮೂರು ಹದಿನೈದು. ಸೋತೆವು.
ಇನ್ನೆರಡನ್ನೂ ಗೆಲ್ಲಲೇಬೇಕು.
ಭಾನುವಾರ ಸಕಲೇಶಪುರ; ಖಾಲಿ ಚೀಟಿ ಜೇಬಲ್ಲಿದೆ.

ಬೆಳಿಗ್ಗೆ ಮಂಡಿಯಲ್ಲಿ ಯಾರೋ ಮುದುಕ ಕೇಳಿದ,
ತೂಕ ಸರಿಯಾಗಿ ನೋಡಿದ್ಯೇನಪ್ಪಾ?
ನೋಡಿದೆ, ಅಂದೆ.
ಕೈ ಹಿಂದೆ ಕಟ್ಟಿಕೊಂಡು ಇನ್ನೊಂದು ಸಲ ನೋಡಿದೆ.