ಮೂರು ತಿಂಗಳ ಹುದ್ದೆಗೆ

ಹೆಡ್ಡಾಫೀಸಿನಿಂದ ಬಂದ ಹಾಳೆಯಲ್ಲಿ ಹನ್ನೆರಡು ಪ್ರಶ್ನೆ.
ಮೊದಲನೆಯದು: ನಿಮ್ಮ ಬಗ್ಗೆ ಹೇಳಿ.
ಕೊನೆಯದು: ಐದು ವರ್ಷದ ನಂತರ ಎಲ್ಲಿರುತ್ತೀರಿ?

ಮಲ್ಪೆಯ ಈ ಐಸ್ ಪ್ಲಾಂಟಿಗೆ ನಾನು ಸೇರಿ
ಹತ್ತೊಂಬತ್ತು ವರ್ಷ.
ಐದು ವರ್ಷದ ನಂತರ ಎಲ್ಲಿರುತ್ತೇನೆಂದು
ನನಗೇ ಯಾರೂ ಹೇಳಿಲ್ಲ.

ಹೊರಗೆ ಬೆಂಚಿನ ಮೇಲೆ ನಾಲ್ವರು ಮಕ್ಕಳು,
ಪಾಲಿಟೆಕ್ನಿಕ್ಕಿನ ಕೊನೆಯ ವರ್ಷ,
ಇಸ್ತ್ರಿಯ ಗೆರೆ ಇನ್ನೂ ಬಿಸಿ,
ಅಣ್ಣನ ಶೂ, ಅಕ್ಕನ ವಾಚು,
ಮಡಿಲಲ್ಲಿ ಪ್ಲಾಸ್ಟಿಕ್ ಫೈಲು.
ಅಮೋನಿಯದ ವಾಸನೆಗೆ ಮೂಗು ಮುಚ್ಚಬಹುದೋ ಬಾರದೋ
ಎಂದು ಒಬ್ಬರನ್ನೊಬ್ಬರು ನೋಡುತ್ತಿದ್ದಾರೆ.

ಮೊದಲು ಬಂದವನು ಪ್ರತೀಶ್ ಕುಂದರ್.
ಕಲಿತು ಬಂದದ್ದನ್ನು ಒಂದೇ ಉಸಿರಿಗೆ ಸುರಿದ:
ಶ್ರಮಜೀವಿ, ತಂಡದಲ್ಲಿ ಬೆರೆಯುವವ,
ದೌರ್ಬಲ್ಯ ಕೇಳಿದರೆ, ಅತಿಯಾದ ಪರಿಪೂರ್ಣತೆ.
ಎರಡನೆಯವನಿಗೂ ಅದೇ ದೌರ್ಬಲ್ಯ.
ಮೂರನೆಯವಳಿಗೂ.
ಒಂದೇ ಕ್ಲಾಸಿನಲ್ಲಿ ಇಷ್ಟೊಂದು ಪರಿಪೂರ್ಣತೆ
ಹೇಗೆ ಹರಡಿತು, ಕೆಂಗಣ್ಣಿನ ಹಾಗೆ?

ತಪ್ಪು ಅವರದಲ್ಲ.
ನಾನು ಕೇಳಿದ್ದು ಬಾಯಿಪಾಠ,
ಅವರು ಒಪ್ಪಿಸಿದ್ದೂ ಬಾಯಿಪಾಠ.

ನನ್ನನ್ನೂ ಕೇಳಿದ್ದರು ಒಮ್ಮೆ, ಬೈಕಂಪಾಡಿಯಲ್ಲಿ,
ಟೇಬಲಿನಾಚೆ ನಾಲ್ಕು ಜನ, ಒಬ್ಬರು ಚಾ ಕುಡಿಯುತ್ತ:
ಮದುವೆ ಯಾವಾಗ?
ರಾತ್ರಿಪಾಳಿಗೆ ಮನೆಯಲ್ಲಿ ಬಿಡ್ತಾರಾ?
ಕಂಪ್ರೆಸರಿನ ಬಗ್ಗೆ ಒಂದು ಮಾತಿಲ್ಲ.
ಮೂರು ರಾತ್ರಿ ಓದಿದ್ದೆಲ್ಲ
ಉಡುಪಿಯ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ
ನನ್ನ ಜೊತೆ ನಿಂತುಕೊಂಡೇ ವಾಪಸು ಬಂತು.

ಹಾಳೆಯನ್ನು ಎಂಟು ಮಡಿಕೆ ಮಡಚಿ
ಅಲುಗಾಡುವ ಟೇಬಲಿನ ಕಾಲಡಿಗೆ ಇಟ್ಟೆ.
ಚೆನ್ನಾಗಿ ಕೂತಿತು.

ನಾಲ್ಕನೆಯವಳು ರಮ್ಲತ್, ಉಚ್ಚಿಲದವಳು.
ಕೂರುವುದು ಬೇಡ, ಬಾ, ಎಂದು
ಕೆಳಗೆ ಕರೆದುಕೊಂಡು ಹೋದೆ. ನೆಲ ಜಾರ್ತದೆ, ಜಾಗ್ರತೆ.
ಕ್ಯಾನಿನಿಂದ ಆಗಷ್ಟೇ ಇಳಿದ ಐಸಿನ ದಿಮ್ಮಿ
ಹಲಗೆಯ ಮೇಲೆ ಹಬೆಯಾಡುತ್ತಿತ್ತು.
"ಅಂಚೆಲ್ಲ ಗಾಜು. ನಡುವೆ ಮಾತ್ರ ಯಾಕೆ ಬಿಳಿ?"

"ಗೊತ್ತುಜ್ಜಿ," ಅಂದಳು.
ಅಂದವಳೇ ಬಾಯಿಗೆ ಕೈ ಇಟ್ಟುಕೊಂಡಳು,
ತುಳುವಿನಲ್ಲಿ ಗೊತ್ತಿಲ್ಲ ಅಂದದ್ದಕ್ಕೋ,
ಗೊತ್ತಿಲ್ಲ ಅಂದದ್ದಕ್ಕೋ.

ನಾನು ಏನೂ ಹೇಳಲಿಲ್ಲ.
ಇದೇ ಕಷ್ಟ ನೋಡಿ, ಪ್ರಶ್ನೆ ಹಾಕಿದ ಮೇಲೆ
ಹಾಕಿದವರು ಸುಮ್ಮನಿರುವುದು.
ನಾಲಗೆಯ ತುದಿಗೆ ಬಂದ ಉತ್ತರವನ್ನು
ಹಿಡಿದಿಟ್ಟುಕೊಂಡೆ, ಸೀನು ತಡೆದ ಹಾಗೆ.
ಕಂಪ್ರೆಸರ್ ತನ್ನ ಪಾಡಿಗೆ ಬಡಿಯುತ್ತಿತ್ತು.
ದಕ್ಕೆಯಲ್ಲಿ ಯಾರೋ ಯಾರಿಗೋ ಬೊಬ್ಬೆ ಹಾಕುತ್ತಿದ್ದರು.

ಅವಳು ಕುಕ್ಕರುಗಾಲಿನಲ್ಲಿ ಕೂತಳು,
ಚೂಡಿದಾರದ ಅಂಚು ಒದ್ದೆಯಾಗುವುದನ್ನು ಮರೆತು,
ದಿಮ್ಮಿಯ ಮೇಲೆ ಅಂಚಿನಿಂದ ನಡುವಿಗೆ
ಬೆರಳಿನಲ್ಲಿ ಒಂದು ಗೆರೆ ಎಳೆದಳು.
"ಮೊದಲು ಹೊರಗೆ ಗಟ್ಟಿಯಾಗ್ತದೆ ಅಲ್ವಾ ಮೇಡಂ,
ಆಮೇಲೆ ಒಳಗೊಳಗೆ...
ನೀರಿನಲ್ಲಿದ್ದ ಗಾಳಿ, ಉಪ್ಪು
ಎಲ್ಲ ಹಿಂದೆ ಸರಿದು ಸರಿದು
ಕಡೆಗೆ ಹೋಗ್ಲಿಕ್ಕೆ ಜಾಗ ಇಲ್ಲದೆ..."
ಮಾತು ಮುಗಿಸಲಿಲ್ಲ. ಕಣ್ಣು ಅಲ್ಲೇ ಇತ್ತು.

ಎದ್ದು ಕೇಳಿದಳು:
"ಬಿಳಿಯಾಗದ ಹಾಗೆ ಮಾಡ್ಲಿಕ್ಕಾಗ್ತದಾ?
ಮತ್ತೆ, ಮಧ್ಯಾಹ್ನ ಊಟ ಉಂಟಾ?
ಬಸ್ಸಿಗೇ ದಿನಕ್ಕೆ ಎಂಬತ್ತು ಹೋಗ್ತದೆ."

ಎರಡೂ ಒಳ್ಳೆಯ ಪ್ರಶ್ನೆ.
ಎರಡಕ್ಕೂ ಇದ್ದದ್ದನ್ನೇ ಹೇಳಿದೆ:
ಆಗ್ತದೆ, ನೀರು ಹೆಪ್ಪುಗಟ್ಟುವಾಗ
ಒಳಗೆ ಗಾಳಿ ಊದಿ ಕದಡ್ತಾ ಇರಬೇಕು, ಖರ್ಚು ಜಾಸ್ತಿ.
ಊಟ ಉಂಟು.
ಬಸ್ಸಿನದ್ದು ನನಗೂ ಗೊತ್ತುಜ್ಜಿ, ವಿಚಾರಿಸ್ತೇನೆ.
ಆಗ ಮೊದಲ ಸಲ ನಕ್ಕಳು.

ಮೇಲೆ ಬಂದು ಬಾಗಿಲು ತೆರೆದರೆ
ಪ್ರತೀಶ್ ಇನ್ನೂ ಬೆಂಚಿನಲ್ಲೇ.
ಅಣ್ಣನ ಶೂ ಕಳಚಿ ಹಿಮ್ಮಡಿ ತಿಕ್ಕುತ್ತಿದ್ದ,
ನನ್ನನ್ನು ಕಂಡು ಗಡಿಬಿಡಿಯಲ್ಲಿ
ಎಡಗಾಲನ್ನು ಬಲದ ಶೂಗೆ ತುರುಕಿದ.

"ಅದು ಅಲ್ಲೇ ಇರಲಿ ಮಾರಾಯ," ಎಂದೆ,
"ಗಂಬೂಟು ಹಾಕಿಕೊಂಡು ಕೆಳಗೆ ಬಾ, ಇನ್ನೊಂದು ಸಲ.
ಈ ಸಲ ನಾನು
ಸರಿಯಾಗಿ ಕೇಳ್ತೇನೆ."